ಸಣ್ಣ ಕಿರಿಕಿರಿಯ ದೊಡ್ಡ ಸಾಕ್ಷ್ಯ

ಬಸ್ ನಿಲ್ದಾಣದಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ನಡೆಯುವ ಮಾತಿಗೆ ಕಿವಿಗೊಟ್ಟರೆ, ಮಳೆ ಬೆಳೆ ರಾಜಕೀಯ ಮುಗಿದ ಮೇಲೆ ಒಂದು ಬಗೆಯ ಮಾತು ತಪ್ಪದೆ ಬರುತ್ತದೆ. ಧಾರಾವಾಹಿ ಮೆಲ್ಲಗೆ ಕೇಳುತ್ತದೆ, ಜಾಹೀರಾತು ಬಂದ ಕೂಡಲೇ ಟಿವಿ ಅರಚತೊಡಗುತ್ತದೆ. ಸಾಲ ಬೇಕೆ, ಸೈಟು ಬೇಕೆ ಎಂದು ಗೊತ್ತಿಲ್ಲದ ನಂಬರುಗಳಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನು. ಮನೆಯಲ್ಲಿ ನಾಲ್ಕಾರು ಚಾರ್ಜರ್ ಇದ್ದರೂ ಹೊಸ ಮೊಬೈಲಿಗೆ ಹೊಂದುವ ಪಿನ್ನು ಒಂದರಲ್ಲೂ ಇಲ್ಲ. ಬಸ್ಸಿನಲ್ಲಿ ಪಕ್ಕದವರ ಮೊಬೈಲಿನಿಂದ ಊರಿಗೆಲ್ಲ ಕೇಳುವಂತೆ ಹಾಡು. ಇಂಥ ಮಾತುಗಳನ್ನು ನಾವು ಹೊತ್ತು ಕಳೆಯುವ ಗೊಣಗಾಟವೆಂದು ತಳ್ಳಿಹಾಕುತ್ತೇವೆ. ಹೇಳಿದವರು ಮರೆಯುತ್ತಾರೆ, ಕೇಳಿದವರು ಇನ್ನೂ ಬೇಗ ಮರೆಯುತ್ತಾರೆ. ಇವತ್ತಿನ ನನ್ನ ಭಾಷಣ ಈ ಗೊಣಗಾಟದ ಪರವಾಗಿ. ಯಂತ್ರಗಳನ್ನು, ಮನರಂಜನೆಯನ್ನು, ಸೇವೆಗಳನ್ನು ದಿನನಿತ್ಯ ಬಳಸುವ ಸಾಮಾನ್ಯ ಜನರ ಕಿರಿಕಿರಿ ಒಂದು ಸಾಕ್ಷ್ಯ. ಎಷ್ಟೋ ಸಲ ತಜ್ಞರ ಅಳತೆಗೋಲಿಗೆ ಸಿಗದ ದೋಷವನ್ನು ಅದು ಮೊದಲು ಕಂಡುಹಿಡಿದಿದೆ. ಅದನ್ನು ಸಾಕ್ಷ್ಯವಾಗಿ ನಡೆಸಿಕೊಳ್ಳುವ ಕ್ರಮವನ್ನು ಕಲಿತರೆ ಸಾರ್ವಜನಿಕ ಬದುಕು ನಿಜವಾಗಿ ಸುಧಾರಿಸುತ್ತದೆ. ಇದು ನನ್ನ ವಾದ.

ಟಿವಿ ಜಾಹೀರಾತಿನ ಅಬ್ಬರದಿಂದಲೇ ಆರಂಭಿಸೋಣ. ಅಮೆರಿಕದಲ್ಲಿ ಪ್ರಸಾರವನ್ನು ನಿಯಂತ್ರಿಸುವ ಎಫ್‌ಸಿಸಿ ಎಂಬ ಸಂಸ್ಥೆಗೆ ಈ ದೂರು 1960ರ ದಶಕದಿಂದಲೂ ಬರುತ್ತಿತ್ತು. ಪ್ರಸಾರಕರ ಬಳಿ ಸಿದ್ಧ ಉತ್ತರವಿತ್ತು: ಕಾರ್ಯಕ್ರಮಕ್ಕೂ ಜಾಹೀರಾತಿಗೂ ಧ್ವನಿಯ ಗರಿಷ್ಠ ಮಿತಿ ಒಂದೇ, ನಮ್ಮ ಮೀಟರು ಅದನ್ನೇ ತೋರಿಸುತ್ತಿದೆ, ಹೆಚ್ಚು ಜೋರು ಎಂಬುದು ನಿಮ್ಮ ಭ್ರಮೆ. ಮೀಟರು ಸುಳ್ಳು ಹೇಳುತ್ತಿರಲಿಲ್ಲ, ಆದರೆ ಅಳೆಯಬೇಕಾದದ್ದನ್ನು ಅಳೆಯುತ್ತಿರಲಿಲ್ಲ. ಒಂದು ನಾಟಕದಲ್ಲಿ ಪಾತ್ರಗಳ ಮಾತು ಹದವಾದ ಮಟ್ಟದಲ್ಲಿ ಸಾಗುತ್ತದೆ; ಬಾಗಿಲು ಬಡಿದಾಗಲೋ ಯಾರೋ ಕೂಗಿಕೊಂಡಾಗಲೋ ಮಾತ್ರ ಧ್ವನಿ ಗರಿಷ್ಠ ಮಿತಿಯನ್ನು ಮುಟ್ಟಿ ಮತ್ತೆ ಇಳಿಯುತ್ತದೆ. ಜಾಹೀರಾತು ತಯಾರಿಸುವವರು ಮೆಲುದನಿಗೂ ಗಟ್ಟಿದನಿಗೂ ಇರುವ ಅಂತರವನ್ನು ಒತ್ತಿ ಕುಗ್ಗಿಸಿ, ಮೂವತ್ತು ಸೆಕೆಂಡಿನ ಉದ್ದಕ್ಕೂ ಧ್ವನಿ ಮಿತಿಯ ಅಂಚಿನಲ್ಲೇ ನಿಲ್ಲುವಂತೆ ಮಾಡುತ್ತಿದ್ದರು. ಗರಿಷ್ಠ ಮಟ್ಟ ಎರಡಕ್ಕೂ ಒಂದೇ, ಸರಾಸರಿ ಮಟ್ಟ ಮಾತ್ರ ಬಹಳ ಬೇರೆ. ನಮ್ಮ ಕಿವಿ ಜೋರನ್ನು ನಿರ್ಧರಿಸುವುದು ಒಂದು ಕ್ಷಣದ ಏರಿಕೆಯಿಂದಲ್ಲ, ಕೆಲಹೊತ್ತಿನ ಒಟ್ಟು ಅನುಭವದಿಂದ. ದಶಕಗಟ್ಟಲೆ ದೂರುತ್ತಿದ್ದ ವೀಕ್ಷಕರ ಕಿವಿ ಸರಿಯಾಗಿಯೇ ಇತ್ತು.

ಈ ದೂರು ಶಾಸ್ತ್ರವನ್ನೇ ಬದಲಿಸಿತು. ಮನುಷ್ಯನ ಕಿವಿಗೆ ಕೇಳುವಂತೆ ಧ್ವನಿಯ ಜೋರನ್ನು ಅಳೆಯುವ ವಿಧಾನವೊಂದನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಪ್ರಕಟಿಸಿತು. ಅದನ್ನು ಆಧರಿಸಿ ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ತನ್ನ ಮಾನದಂಡವನ್ನು ರೂಪಿಸಿತು. ಕ್ಯಾಲಿಫೋರ್ನಿಯಾದ ಸಂಸದೆ ಅನ್ನಾ ಎಶೂ ಅಮೆರಿಕದ ಸಂಸತ್ತಿನಲ್ಲಿ ಮಂಡಿಸಿದ ಮಸೂದೆಗೆ 2010ರ ಡಿಸೆಂಬರಿನಲ್ಲಿ ಅಧ್ಯಕ್ಷ ಒಬಾಮಾ ಸಹಿ ಹಾಕಿದರು. ಜಾಹೀರಾತಿನ ಸರಾಸರಿ ಧ್ವನಿ ಅದು ಬರುವ ಕಾರ್ಯಕ್ರಮದ ಸರಾಸರಿಯನ್ನು ಮೀರಬಾರದು ಎಂಬ ಆ ಕಾಯ್ದೆ 2012ರ ಡಿಸೆಂಬರಿನಿಂದ ಜಾರಿಗೆ ಬಂತು. ಅಂತರ್ಜಾಲದ ಮೂಲಕ ಸಿನಿಮಾ ಧಾರಾವಾಹಿ ತೋರಿಸುವ ಸೇವೆಗಳು ಆ ಕಾಯ್ದೆಯ ಹೊರಗೆ ಉಳಿದಿದ್ದವು, ಅಬ್ಬರ ಅಲ್ಲಿಗೆ ವಲಸೆ ಹೋಯಿತು. ಮತ್ತೆ ಅದೇ ಗೊಣಗಾಟ. 2025ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಆ ಸೇವೆಗಳಿಗೂ ಇದೇ ನಿಯಮವನ್ನು ವಿಸ್ತರಿಸಿತು. ಮಸೂದೆ ಮಂಡಿಸಿದ ಶಾಸಕರ ಕಚೇರಿಯ ಸಿಬ್ಬಂದಿಯೊಬ್ಬರ ಕೂಸು ಜಾಹೀರಾತಿನ ಸದ್ದಿಗೆ ಬೆಚ್ಚಿ ಎದ್ದದ್ದೇ ಅದಕ್ಕೆ ಪ್ರೇರಣೆಯಾಯಿತು. ನಮ್ಮ ದೇಶದಲ್ಲೂ 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಾವಳಿ, ಜಾಹೀರಾತಿನ ದೃಶ್ಯವಾಗಲಿ ಧ್ವನಿಯಾಗಲಿ ಅತಿಯಾಗಿ ಅಬ್ಬರಿಸಬಾರದು ಎನ್ನುತ್ತದೆ. ಎಷ್ಟಾದರೆ ಅತಿ ಎಂಬ ಅಂಕಿ ಆ ವಾಕ್ಯದಲ್ಲಿಲ್ಲ. ಅಳತೆಯಿಲ್ಲದ ನಿಯಮ ದೂರುವವನ ಕೈಗೆ ಬಲ ಕೊಡುವುದಿಲ್ಲ. ಆ ಅಂಕಿಯನ್ನು ಕೇಳಿ ಪಡೆಯುವ ಕೆಲಸ ವೀಕ್ಷಕರಾದ ನಮ್ಮ ಪಾಲಿಗೆ ಉಳಿದಿದೆ.

ಈ ಪ್ರಸಂಗದಿಂದ ಒಂದು ಸೂತ್ರ ಸಿಗುತ್ತದೆ, ಇಡೀ ವಾದ ಅದರ ಮೇಲೆ ನಿಂತಿದೆ. ಜಾಹೀರಾತು ಜೋರಾಗಿದೆ ಎಂಬ ಜನರ ಅನುಭವ ನೂರಕ್ಕೆ ನೂರು ಸರಿಯಾಗಿತ್ತು. ಆದರೆ ಟಿವಿಯವರು ಜಾಹೀರಾತು ಬಂದಾಗ ವಾಲ್ಯೂಮ್ ಹೆಚ್ಚಿಸುತ್ತಾರೆ ಎಂದು ಅವರು ಕೊಟ್ಟುಕೊಂಡ ಕಾರಣ ಸರಿಯಾಗಿರಲಿಲ್ಲ. ನೋವು ಎಲ್ಲಿದೆ ಎಂದು ಹೇಳುವ ಅಧಿಕಾರ ಅನುಭವಿಸಿದವರಿಗೆ ಪೂರ್ತಿಯಾಗಿ ಇದೆ. ನೋವಿನ ಕಾರಣ ಯಾವುದು ಎಂಬುದು ಮಾತ್ರ ಪರೀಕ್ಷೆಗೆ ಒಳಗಾಗಬೇಕಾದ ಪ್ರಶ್ನೆ. ತಜ್ಞರು ಕಾರಣ ತಪ್ಪೆಂದು ತೋರಿಸಿ ಅನುಭವವನ್ನೂ ಸುಳ್ಳಾಗಿಸಲು ಹೊರಡುತ್ತಾರೆ. ಜನರು ಅನುಭವ ನಿಜವಾದ ಮಾತ್ರಕ್ಕೆ ತಮ್ಮ ಊಹೆಯೂ ನಿಜವೆಂದು ಹಟ ಹಿಡಿಯುತ್ತಾರೆ. ಇಬ್ಬರೂ ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ಭಾವಿಸುತ್ತಾರೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಗಂಭೀರವಾದದ್ದೇ. ತಂತ್ರಜ್ಞಾನದ ಬಗ್ಗೆ ತಿಳಿಯದವರ ಅಭಿಪ್ರಾಯಕ್ಕೆ ಮನ್ನಣೆ ಕೊಟ್ಟರೆ ಅನಾಹುತವಾಗುವುದಿಲ್ಲವೆ? ಆಗುತ್ತದೆ, ಆಗಿದೆ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಹರಡಲು 5ಜಿ ತರಂಗಗಳೇ ಕಾರಣ ಎಂಬ ಮಾತು ಬ್ರಿಟನ್ನಿನಲ್ಲಿ ಹಬ್ಬಿ, ಹತ್ತಾರು ಮೊಬೈಲ್ ಟವರುಗಳಿಗೆ ಬೆಂಕಿ ಬಿತ್ತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಕೋವಿಡ್ ರೋಗಿಗಳಿಗಾಗಿ ತೆರೆದಿದ್ದ ತಾತ್ಕಾಲಿಕ ಆಸ್ಪತ್ರೆಗೆ ಸಂಪರ್ಕ ಒದಗಿಸುತ್ತಿದ್ದ ಟವರನ್ನೂ ಸುಟ್ಟರು. ದುರಸ್ತಿಗೆ ಹೋದ ಕೆಲಸಗಾರರು ಬೈಗುಳ ಬೆದರಿಕೆ ಎದುರಿಸಿದರು. ಮರುವರ್ಷ ಎರಡನೇ ಅಲೆಯ ಹೊತ್ತಿಗೆ ಅದೇ ವದಂತಿ ಭಾರತಕ್ಕೂ ಬಂತು. ಆಗ ನಮ್ಮಲ್ಲಿ 5ಜಿ ಪರೀಕ್ಷೆಯೇ ಆರಂಭವಾಗಿರಲಿಲ್ಲ, ಸೇವೆ ಶುರುವಾದದ್ದು 2022ರ ಅಕ್ಟೋಬರಿನಲ್ಲಿ. ದೂರಸಂಪರ್ಕ ಇಲಾಖೆ 2021ರ ಮೇ ತಿಂಗಳಲ್ಲಿ ಸ್ಪಷ್ಟನೆ ಕೊಡಬೇಕಾಯಿತು. ಈ ಉದಾಹರಣೆಯನ್ನು ನಮ್ಮ ಸೂತ್ರದ ಬೆಳಕಿನಲ್ಲಿ ನೋಡಿ. ಟವರಿಗೆ ಬೆಂಕಿ ಇಟ್ಟವರು ತಮ್ಮ ಅನುಭವವನ್ನು ವರದಿ ಮಾಡುತ್ತಿರಲಿಲ್ಲ. ಅವರಿಗೆ ಇದ್ದ ಅನುಭವ ಭಯ, ಅದು ನಿಜ. ಅವರು ಹಿಡಿದುಕೊಂಡದ್ದು ಕಾರಣದ ಬಗೆಗಿನ ಊಹೆ, ಅದೂ ಇನ್ನೊಬ್ಬರಿಂದ ಕೇಳಿದ್ದು. ಸಾಮಾನ್ಯರ ಮಾತಿಗೆ ಬೆಲೆ ಕೊಡಬೇಕು ಎಂದರೆ ಅವರ ಊಹೆಗಳನ್ನೆಲ್ಲ ಒಪ್ಪಬೇಕು ಎಂದಲ್ಲ. ಜನರ ಭಯಕ್ಕೆ ಆಡಳಿತ ಬೇಗ, ಸರಳ ಭಾಷೆಯಲ್ಲಿ, ಗೌರವದಿಂದ ಉತ್ತರ ಕೊಟ್ಟಿದ್ದರೆ ವದಂತಿಗೆ ಅಷ್ಟು ಜಾಗ ಸಿಗುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಯಾರೂ ಆಲಿಸದ ಕಡೆ ಊಹೆ ಬೇಗ ಬೆಳೆಯುತ್ತದೆ.

ಎರಡನೆಯ ಆಕ್ಷೇಪ ಉದ್ಯಮದ ಕಡೆಯಿಂದ ಬರುವಂಥದ್ದು. ಬಳಕೆದಾರರ ಕಿರಿಕಿರಿಗೆಲ್ಲ ಕಾನೂನು ಮಾಡುತ್ತ ಹೋದರೆ ಹೊಸ ಆವಿಷ್ಕಾರಕ್ಕೆ ದಾರಿ ಮುಚ್ಚುತ್ತದೆ ಎನ್ನುತ್ತಾರೆ. ಇದಕ್ಕೆ ಚಾರ್ಜರಿನ ಕಥೆಯೇ ಉತ್ತರ. 2009ರ ಸುಮಾರಿಗೆ ಯುರೋಪಿನಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಮೊಬೈಲ್ ಚಾರ್ಜರುಗಳಿದ್ದವು. ನೋಕಿಯಾ, ಸ್ಯಾಮ್‌ಸಂಗ್, ಆಪಲ್ ಸೇರಿದಂತೆ ದೊಡ್ಡ ತಯಾರಕರು ಆ ವರ್ಷ ಸ್ವಯಂಪ್ರೇರಿತ ಒಪ್ಪಂದಕ್ಕೆ ಬಂದರು. ಬಗೆಗಳು ಮೂರಕ್ಕೆ ಇಳಿದವು, ಒಂದಕ್ಕೆ ಮಾತ್ರ ಇಳಿಯಲಿಲ್ಲ. ಅಡಾಪ್ಟರ್ ಕೊಟ್ಟು ಹಳೆಯ ಪಿನ್ನನ್ನೇ ಮುಂದುವರಿಸಲು ಆ ಒಪ್ಪಂದದಲ್ಲೇ ಅವಕಾಶವಿತ್ತು. 2021ರಲ್ಲಿ ಯುರೋಪಿನ ಆಯೋಗ ಕಡ್ಡಾಯ ನಿಯಮದ ಪ್ರಸ್ತಾಪ ಮುಂದಿಟ್ಟಾಗ, ಒಂದೇ ಬಗೆಯ ಪಿನ್ನನ್ನು ಹೇರುವುದು ಆವಿಷ್ಕಾರವನ್ನು ಹತ್ತಿಕ್ಕುತ್ತದೆ ಎಂದು ಆಪಲ್ ಆಕ್ಷೇಪಿಸಿತು. 2022ರಲ್ಲಿ ನಿಯಮ ಬಂತು. 2023ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ಯುಎಸ್‌ಬಿ-ಸಿ ಪಿನ್ನಿನ ಐಫೋನ್ 15 ಅನ್ನು ಬಿಡುಗಡೆ ಮಾಡಿತು. ಯುರೋಪಿನಲ್ಲಿ ಮಾರುವ ಹೊಸ ಮೊಬೈಲು, ಟ್ಯಾಬ್ಲೆಟ್, ಕ್ಯಾಮೆರಾಗಳಿಗೆ 2024ರ ಡಿಸೆಂಬರ್ 28ರಿಂದ ಆ ನಿಯಮ ಅನ್ವಯವಾಯಿತು. ಬಿಸಾಡಿದ, ಬಳಸದೆ ಬಿಟ್ಟ ಚಾರ್ಜರುಗಳಿಂದಲೇ ಅಲ್ಲಿ ವರ್ಷಕ್ಕೆ ಸುಮಾರು 11,000 ಟನ್ ಇ-ತ್ಯಾಜ್ಯ ಹುಟ್ಟುತ್ತಿತ್ತು ಎಂಬುದು ಆಯೋಗದ ಅಂದಾಜು. ನಮ್ಮ ದೇಶದ ಮಾನಕ ಬ್ಯೂರೋ ಕೂಡ ಯುಎಸ್‌ಬಿ-ಸಿ ಮಾನದಂಡವನ್ನು ಪ್ರಕಟಿಸಿದೆ. ಮನೆಮನೆಯ ಗೊಣಗಾಟದ ಹಿಂದೆ ಸಾವಿರಾರು ಟನ್ ಕಸದ ಪ್ರಶ್ನೆ ಅಡಗಿತ್ತು. ನಿಯಮ ಬಂದ ಮೇಲೆ ಮೊಬೈಲುಗಳ ಬೆಳವಣಿಗೆ ನಿಂತಿಲ್ಲ. ನಾಳೆ ಇನ್ನೂ ಉತ್ತಮವಾದ ಪಿನ್ನು ಬಂದರೆ ಮಾನದಂಡವನ್ನು ಪರಿಷ್ಕರಿಸಲು ಆ ನಿಯಮದಲ್ಲೇ ದಾರಿ ಇದೆ. ಆವಿಷ್ಕಾರ ಎಂಬ ಹೆಸರಿನಲ್ಲಿ ಉಳಿಸಿಕೊಳ್ಳುವ ಎಲ್ಲವೂ ಆವಿಷ್ಕಾರವಲ್ಲ, ಕೆಲವು ಬರಿಯ ವ್ಯಾಪಾರದ ಬೇಲಿಗಳು.

ಮೂರನೆಯ ಆಕ್ಷೇಪ ನಮ್ಮೊಳಗಿನಿಂದಲೇ ಬರುತ್ತದೆ. ನೀರಿಲ್ಲದ ಊರುಗಳಿವೆ, ಕೆಲಸವಿಲ್ಲದ ಯುವಕರಿದ್ದಾರೆ, ಅವರ ಮುಂದೆ ಜಾಹೀರಾತಿನ ಸದ್ದು, ಚಾರ್ಜರಿನ ಪಿನ್ನು ಎಂದು ಕೊರಗುವುದು ಉಳ್ಳವರ ರಗಳೆಯಲ್ಲವೆ? ಈ ಪ್ರಶ್ನೆ ಕೇಳುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಸಣ್ಣ ಕಿರಿಕಿರಿಗಳ ಭಾರ ಯಾರ ಮೇಲೆ ಬೀಳುತ್ತದೆ ಎಂದು ಸ್ವಲ್ಪ ಯೋಚಿಸಿ. ಹೆಚ್ಚು ಹಣ ಕೊಟ್ಟರೆ ಜಾಹೀರಾತಿಲ್ಲದ ಸೇವೆ ಸಿಗುತ್ತದೆ, ಕೊಡಲಾಗದವರು ಜಾಹೀರಾತು ಕೇಳುತ್ತಾರೆ. ಕಾರಿನಲ್ಲಿ ಹೋಗುವವರಿಗೆ ಪಕ್ಕದವರ ಮೊಬೈಲಿನ ಕಾಟವಿಲ್ಲ, ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಕಣ್ಣು ಮುಚ್ಚಬೇಕೆಂದವರಿಗೆ ಇದೆ. ದೊಡ್ಡ ಅಧಿಕಾರಿ ಗೊತ್ತಿಲ್ಲದ ನಂಬರನ್ನು ಎತ್ತದೆ ಇರಬಹುದು. ಆಟೋ ಓಡಿಸುವವರು, ಪ್ಲಂಬಿಂಗ್ ಕೆಲಸದವರು, ಆಸ್ಪತ್ರೆಯಲ್ಲಿ ಮನೆಯವರನ್ನು ಸೇರಿಸಿ ವರದಿಗಾಗಿ ಕಾಯುತ್ತಿರುವವರು ಹಾಗೆ ಬಿಡುವಂತಿಲ್ಲ. ಪ್ರತಿಯೊಂದು ಕರೆಯೂ ದುಡಿಮೆಯೋ ಜೀವದ ಸುದ್ದಿಯೋ ಆಗಿರಬಹುದು. ಕಿರಿಕಿರಿಯಿಂದ ತಪ್ಪಿಸಿಕೊಳ್ಳುವ ದಾರಿ ಉಳ್ಳವರಿಗೆ ಇರುತ್ತದೆ, ಇಲ್ಲದವರು ಅದನ್ನು ಸಹಿಸುತ್ತಾರೆ. ಹೈಕೋರ್ಟ್ ನಿರ್ದೇಶನದ ಹಿನ್ನೆಲೆಯಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ 2021ರ ನವೆಂಬರಿನಲ್ಲಿ ಬಸ್ಸುಗಳಲ್ಲಿ ಮೊಬೈಲಿನ ಹಾಡು, ವಿಡಿಯೋಗಳನ್ನು ಜೋರಾಗಿ ಹಾಕುವುದನ್ನು ನಿಷೇಧಿಸಿ ಸುತ್ತೋಲೆ ಹೊರಡಿಸಿತು. ಹೇಳಿದರೂ ಕೇಳದ ಪ್ರಯಾಣಿಕರನ್ನು ಕೆಳಗಿಳಿಸುವ ಅಧಿಕಾರವನ್ನೂ ಸಿಬ್ಬಂದಿಗೆ ಕೊಟ್ಟಿತು. ಅದು ಬಸ್ಸನ್ನೇ ನಂಬಿದವರ ನೆಮ್ಮದಿಯ ಹಕ್ಕನ್ನು ಗುರುತಿಸಿದ ಆದೇಶ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಸಲ್ಲುವಷ್ಟೇ ಸೋರಿಕೆಗೂ ಸಲ್ಲುತ್ತದೆ. ಒಬ್ಬರಿಂದ ದಿನಕ್ಕೆ ಐದು ನಿಮಿಷ ಕದ್ದರೆ ಸಣ್ಣದು, ಕೋಟಿ ಜನರಿಂದ ಕದ್ದರೆ ಅದು ದೇಶದ ದುಡಿಮೆಯ ಒಂದು ಭಾಗ.

ಮನರಂಜನೆಯ ವಿಷಯದಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ, ಏಕೆಂದರೆ ಅಲ್ಲಿ ರುಚಿಯ ಮಾತೂ ಇದೆ. 2019ರ ಏಪ್ರಿಲ್ ಕೊನೆಯಲ್ಲಿ, ಪ್ರಸಿದ್ಧ ವಿಡಿಯೋ ಗೇಮ್ ಒಂದರ ಪಾತ್ರವನ್ನು ಆಧರಿಸಿದ 'ಸಾನಿಕ್ ದಿ ಹೆಡ್ಜ್‌ಹಾಗ್' ಚಿತ್ರದ ಟ್ರೇಲರ್ ಬಂದಾಗ, ಮನುಷ್ಯರಂಥ ಹಲ್ಲು, ಪುಟ್ಟ ಕಣ್ಣುಗಳಿದ್ದ ಆ ಪಾತ್ರವನ್ನು ಅಭಿಮಾನಿಗಳು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ನಿರ್ದೇಶಕ ಜೆಫ್ ಫೌಲರ್ ಪಾತ್ರವನ್ನು ಮತ್ತೆ ರೂಪಿಸುವುದಾಗಿ ಘೋಷಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಬರಬೇಕಿದ್ದ ಚಿತ್ರ 2020ರ ಫೆಬ್ರವರಿ 14ಕ್ಕೆ ಮುಂದೂಡಿಕೆಯಾಗಿ, ಜಗತ್ತಿನಾದ್ಯಂತ 30 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಪ್ರೇಕ್ಷಕರ ಮಾತನ್ನು ಕೇಳಿದ್ದು ಚಿತ್ರಕ್ಕೆ ಒಳ್ಳೆಯದೇ ಆಯಿತು. ಆದರೂ ಈ ಉದಾಹರಣೆಯನ್ನು ಎಚ್ಚರಿಕೆಯಿಂದ ಬಳಸಬೇಕು. ಆ ತಿದ್ದುಪಡಿಯ ಶ್ರಮ ಹೊತ್ತವರು ಪರದೆಯ ಮೇಲೆ ಮುಖ ಕಾಣಿಸದ ಗ್ರಾಫಿಕ್ಸ್ ಕಲಾವಿದರು. ಮೇಲಾಗಿ, ಇಂಥ ಗೆಲುವಿನ ರುಚಿ ಹತ್ತಿದ ಅಭಿಮಾನ ಕಲಾವಿದರ ಮೇಲೆ ಗುಂಪು ದಾಳಿಯಾಗಿ ತಿರುಗಲು ಹೆಚ್ಚು ಹೊತ್ತು ಬೇಡ. ಪಾತ್ರದ ಮುಖ ಸರಿಯಿಲ್ಲ ಎನ್ನುವುದು ಅಭಿಪ್ರಾಯ. ನಟಿಯ ಬಣ್ಣ, ಜಾತಿ, ಊರು, ಖಾಸಗಿ ಬದುಕನ್ನು ಎಳೆದು ತರುವುದು ಹಿಂಸೆ. ಎರಡರ ನಡುವಿನ ಗೆರೆ ಸ್ಪಷ್ಟವಾಗಿದೆ: ದೂರು ವಸ್ತುವಿನ ಮೇಲಿರಬೇಕು, ವ್ಯಕ್ತಿಯ ಮೇಲಲ್ಲ. ಇನ್ನೊಂದು ಗೆರೆಯೂ ಇದೆ. ಕಲೆ ನಮಗೆ ಹಿಡಿಸದಿರುವುದು ದೋಷವೇ ಆಗಬೇಕೆಂದಿಲ್ಲ. ನೋಡದೆ ಬಿಡುವ ಸ್ವಾತಂತ್ರ್ಯ ಇರುವ ಕಡೆ ಅಭಿಪ್ರಾಯ ಹೇಳಿ ಸುಮ್ಮನಾಗಬಹುದು. ತಪ್ಪಿಸಿಕೊಳ್ಳುವ ದಾರಿಯೇ ಇಲ್ಲದ ಕಡೆ, ಅಂದರೆ ಬಸ್ಸಿನಲ್ಲಿ, ಫೋನಿನಲ್ಲಿ, ಹಣ ಪಾವತಿಸುವ ಆ್ಯಪಿನಲ್ಲಿ, ಅಭಿಪ್ರಾಯ ಹಕ್ಕಿನ ಪ್ರಶ್ನೆಯಾಗುತ್ತದೆ.

ಕೊನೆಯ ಆಕ್ಷೇಪ ನಿರಾಶೆಯದು, ನಮ್ಮಲ್ಲಿ ಹೆಚ್ಚಾಗಿ ಕೇಳಿಬರುವುದೂ ಅದೇ. ದೂರಿದರೆ ಏನಾಗುತ್ತದೆ, ಏನೂ ಆಗುವುದಿಲ್ಲ. ಮಾರಾಟದ ಕರೆಗಳನ್ನೇ ಇದಕ್ಕೆ ಸಾಕ್ಷಿಯಾಗಿ ಒಡ್ಡುತ್ತಾರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2007ರಲ್ಲಿ ನಿಯಮ ಮಾಡಿತು, 2010ರಲ್ಲಿ ಹೊಸದು ತಂದಿತು, 2018ರಲ್ಲಿ ಮತ್ತೆ ಬದಲಿಸಿತು. ಕರೆಗಳು ನಿಂತಿಲ್ಲ. ಈ ನಿರಾಶೆಗೆ ಕಾರಣವಿದೆ. ನೋಂದಾಯಿತ ಮಾರಾಟಗಾರರು ನಿಯಮದೊಳಕ್ಕೆ ಬಂದರು, ಉಳಿದವರು ಸಾಮಾನ್ಯ ಹತ್ತು ಅಂಕಿಯ ನಂಬರುಗಳ ಹಿಂದೆ ಅಡಗಿಕೊಂಡರು. ಆದರೆ ಈ ನುಣುಚಾಟ ಗೊತ್ತಾದದ್ದು ಕೂಡ ದೂರುಗಳಿಂದಲೇ. 2025ರ ಫೆಬ್ರವರಿಯಲ್ಲಿ ಟ್ರಾಯ್ ತಂದ ತಿದ್ದುಪಡಿ ಅದಕ್ಕೆ ನೇರವಾಗಿ ಕೈಹಾಕಿತು. ಮೊದಲು ಕರೆ ಬಂದ ಮೂರು ದಿನಗಳೊಳಗೆ ದೂರಬೇಕಿತ್ತು, ಈಗ ಏಳು ದಿನಗಳ ಅವಕಾಶವಿದೆ. ನೋಂದಣಿಯಿಲ್ಲದೆ ಕರೆ ಮಾಡುವವರ ಮೇಲೆ ಮೊಬೈಲ್ ಕಂಪನಿ 30 ದಿನಗಳ ಬದಲು ಐದು ದಿನಗಳಲ್ಲಿ ಕ್ರಮ ಕೈಗೊಳ್ಳಬೇಕು. ಹಿಂದೆ ಏಳು ದಿನಗಳಲ್ಲಿ ಹತ್ತು ದೂರುಗಳು ಬಂದರೆ ಕ್ರಮ ಎಂದಿದ್ದದ್ದು, ಈಗ ಹತ್ತು ದಿನಗಳಲ್ಲಿ ಐದು ದೂರುಗಳು ಬಂದರೆ ಸಾಕು ಎಂದಾಗಿದೆ. ಐದು ಜನ ಎದ್ದು ನಿಂತರೆ ಒಂದು ನಂಬರಿನ ಕಾಟಕ್ಕೆ ಕಡಿವಾಣ ಬೀಳಬಹುದು. ಐದು ಜನರೂ ಬೈದು ಸುಮ್ಮನಾದರೆ ಕಾಟ ಮುಂದುವರಿಯುತ್ತದೆ. ಬದಲಾವಣೆ ನಿಧಾನವಾಗಿ ಬರುತ್ತದೆ ಎಂಬುದು ನಿಜ, ಬರುವುದೇ ಇಲ್ಲ ಎಂಬುದು ಸುಳ್ಳು.

ಇದೇ ಮಾತಿಗೆ ಮತ್ತೊಂದು ಪುರಾವೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ. ಆನ್‌ಲೈನ್ ವ್ಯಾಪಾರದಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ತಂತ್ರಗಳನ್ನು ಅದು ಹೆಸರಿಸಿ ನಿಷೇಧಿಸಿತು. ಕೇಳದೆಯೇ ವಿಮೆಯನ್ನೋ ದೇಣಿಗೆಯನ್ನೋ ಬಿಲ್ಲಿಗೆ ಸೇರಿಸುವುದು, ಚಂದಾ ಕಟ್ಟುವುದನ್ನು ಸುಲಭ ಮಾಡಿ ಬಿಡುವುದನ್ನು ಕಷ್ಟ ಮಾಡುವುದು, ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯಲ್ಲಿ ಶುಲ್ಕಗಳನ್ನು ಒಂದೊಂದಾಗಿ ಹೊರತೆಗೆಯುವುದು, ಬೇಡವೆಂದರೂ ಮತ್ತೆ ಮತ್ತೆ ಕೇಳಿ ಪೀಡಿಸುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಈ ಪಟ್ಟಿ ಒಂದು ಮುಖ್ಯ ಸತ್ಯವನ್ನು ಒಪ್ಪಿಕೊಂಡಿದೆ. ನಮಗಾಗುವ ಕಿರಿಕಿರಿಯಲ್ಲಿ ಬಹುಪಾಲು ಆಕಸ್ಮಿಕವಲ್ಲ. ಲಾಭಕ್ಕಾಗಿ ಯಾರೋ ಕುಳಿತು ಯೋಚಿಸಿ ರೂಪಿಸಿದ್ದು. ನನಗೆ ಮೊಬೈಲ್ ಸರಿಯಾಗಿ ಬಳಸಲು ಬರುವುದಿಲ್ಲ ಎಂದು ಹಿರಿಯರು ತಮ್ಮನ್ನೇ ದೂಷಿಸಿಕೊಳ್ಳುವುದನ್ನು ನಾವೆಲ್ಲ ಕೇಳಿದ್ದೇವೆ. ಎಷ್ಟೋ ಸಲ ತಪ್ಪು ಅವರದಲ್ಲ, 'ಬೇಡ' ಎಂಬ ಗುಂಡಿಯನ್ನು ಕಣ್ಣಿಗೆ ಬೀಳದಂತೆ ಮೂಲೆಗೆ ತಳ್ಳಿದವರದು. ಆ ಹಿರಿಯರಿಗೆ ನಾವು ಮೊದಲು ಹೇಳಬೇಕಾದ ಮಾತು ಇದು.

ಹಾಗಾದರೆ ಗೊಣಗಾಟವನ್ನು ಸಾಕ್ಷ್ಯವಾಗಿಸುವುದು ಹೇಗೆ? ಅಮೆರಿಕದ ಎಫ್‌ಸಿಸಿ ಜಾಹೀರಾತಿನ ಸದ್ದಿನ ಬಗ್ಗೆ ದೂರು ಪಡೆಯುವಾಗ, ಯಾವ ವಾಹಿನಿ, ಯಾವ ಕಾರ್ಯಕ್ರಮ, ಯಾವ ಜಾಹೀರಾತು, ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳುತ್ತದೆ. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಕೂಡಲೇ ಬೇಸರದ ಮಾತು ಪರಿಶೀಲಿಸಬಹುದಾದ ಹೇಳಿಕೆಯಾಗುತ್ತದೆ. ನಮಗೂ ಇದೇ ಶಿಸ್ತು ಸಾಕು. ಏನಾಯಿತು ಎಂಬುದನ್ನು ಇದ್ದದ್ದು ಇದ್ದಂತೆ ಹೇಳುವುದು, ಯಾಕಾಯಿತು ಎಂಬ ಊಹೆಯನ್ನು ಊಹೆಯೆಂದೇ ಹೇಳುವುದು, ವ್ಯಕ್ತಿಯನ್ನು ಬಿಟ್ಟು ವ್ಯವಸ್ಥೆಯ ಕಡೆ ಬೆರಳು ತೋರಿಸುವುದು, ಹೇಳಬೇಕಾದ ಕಡೆ ಹೇಳುವುದು. ಮಾರಾಟದ ಕರೆ ಬಂದರೆ 1909ಕ್ಕೆ ದೂರು ಕೊಡಿ, ಕರೆ ಬಂದ ನಂಬರು ಮತ್ತು ದಿನಾಂಕವನ್ನು ತಿಳಿಸಿ. ಕೇಳದ ಶುಲ್ಕ ಬಿಲ್ಲಿಗೆ ಸೇರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಮನೆಯಲ್ಲಿ ಮೊಬೈಲ್ ಬಳಕೆ ಕಷ್ಟವಾಗುವ ಹಿರಿಯರಿದ್ದರೆ ಅವರ ಪರವಾಗಿ ನೀವೇ ಈ ಕೆಲಸ ಮಾಡಿಕೊಡಿ. ನಿಮ್ಮ ಕಿರಿಕಿರಿಯನ್ನು ಸಣ್ಣದೆಂದು ನೀವೇ ತಳ್ಳಿಹಾಕಬೇಡಿ. ನೀವು ಕೊಡುವ ಒಂದು ದೂರು ನಿಮ್ಮಂತೆಯೇ ಸಹಿಸುತ್ತಿರುವ ಎಷ್ಟೋ ಜನರ ಪರವಾದ ಸಾಕ್ಷಿ ಹೇಳಿಕೆ. ದಯವಿಟ್ಟು ಆ ಹೇಳಿಕೆಯನ್ನು ಕೊಡಿ.